ಎರಡು ಸಾವಿರದ ಐನೂರ ಇಪ್ಪತ್ತರ ಮಾಬ್ಲ

ಬೆಳಕು ಹರಿಯುವ ಹೊತ್ತು. ಕರ್ಕಿಯ ಕಡಲ ದಂಡೆಗೆ ರಂಪಣಿ ಬಲೆ ಬಂದಿದೆ. ಹಗ್ಗ ಎಳೆದವರೆಲ್ಲ ಸುಸ್ತಾಗಿ ಕೂತಿದ್ದಾರೆ. ಮೀನು ಎಣಿಸಿ ಪಾಲು ಹಾಕುವ ಮಾಬ್ಲನಿಗೆ ಮಾತ್ರ ಕೆಲಸ ಈಗ ಶುರು. ಕೈಗೆ ಮೂರರಂತೆ, ಒಂದು ಸಲ ಬಗ್ಗಿದರೆ ಆರು ಬಂಗಡೆ. ನಾನೂರ ಇಪ್ಪತ್ತು ಸಲ ಬಗ್ಗಿದರೆ ಒಂದು ರಾಶಿ: ಎರಡು ಸಾವಿರದ ಐನೂರ ಇಪ್ಪತ್ತು ಮೀನು.

ಈ ಸಂಖ್ಯೆಯೇ ಯಾಕೆ ಎಂಬುದಕ್ಕೊಂದು ಕಥೆಯಿದೆ. ಪಾಲಿನಲ್ಲಿ ಮಿಕ್ಕಿದ್ದು ಪಾಲು ಹಾಕಿದವನಿಗೆ ಎಂಬುದು ಇಲ್ಲಿನ ಪದ್ಧತಿ. ಹಿಂದೆ ಪಾಲು ಹಾಕುತ್ತಿದ್ದವನ ರಾಶಿಯಲ್ಲಿ ದಿನಾ ಏನಾದರೊಂದು ಮಿಕ್ಕುತ್ತಿತ್ತು, ದಿನಾ ಜಗಳ. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ಮಾಬ್ಲ ಒಂದು ಮಳೆಗಾಲವಿಡೀ ಜಗಲಿಯಲ್ಲಿ ಚಿಪ್ಪಿ ಹರಡಿಕೊಂಡು ಕೂತು ಈ ಸಂಖ್ಯೆ ಹಿಡಿದ. ಹಗ್ಗ ಎಳೆದ ತಂಡ ಐದಾದರೆ ಪಾಲಿಗೆ ಐನೂರ ನಾಲ್ಕು, ಏಳಾದರೆ ಮುನ್ನೂರ ಅರವತ್ತು, ಒಂಬತ್ತಾದರೆ ಇನ್ನೂರ ಎಂಬತ್ತು. ಒಂದರಿಂದ ಹತ್ತರ ತನಕ ಎಷ್ಟೇ ತಂಡ ಬರಲಿ, ಏನೂ ಮಿಕ್ಕುವುದಿಲ್ಲ. ರಾಶಿ ತುಂಬದ ಮೀನು ಬಲೆಯ ದುರಸ್ತಿಗೆ. ಮಾಬ್ಲನಿಗೆ ಸಿಗುವುದು ತಾನೂ ಹಗ್ಗ ಎಳೆದ ತಂಡದ ಪಾಲು ಮಾತ್ರ.

"ಇಪ್ಪತ್ತು ವರ್ಷ ಆತು. ಮಿಕ್ಕಿದ್ದು ತಿಂದ ಅಂತ ಒಬ್ಬ ಹೇಳ್ಲಿ ಕಾಂಬ," ಎನ್ನುತ್ತಾನೆ.

ಇವತ್ತು ಮಾತ್ರ ತಂಡ ಹನ್ನೊಂದು. ಗಂಡ ತೀರಿಕೊಂಡ ಸುಬ್ಬಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದು ಹಗ್ಗ ಎಳೆದಿದ್ದಾಳೆ. ರೇಷನ್ ಅಕ್ಕಿ ಮನೆಗೆ ಸಾಲದ ಈ ಕಾಲದಲ್ಲಿ ಪಾಲು ಸಿಕ್ಕಿದರೆ ಮಕ್ಕಳಿಗೆ ಊಟ, ಇಲ್ಲದಿದ್ದರೆ ಇಲ್ಲ.

ಎದುರು ತಂಡದ ಈರ ಸುಮ್ಮನಿರಬೇಕಲ್ಲ! "ಹನ್ನೊಂದಕ್ಕೆ ನಿನ್ನ ಲೆಕ್ಕ ಸರಿ ಬತ್ತಿಲ್ಲ ಮಾಬ್ಲಣ್ಣ. ಹತ್ತೇ ಪಾಲು ಹಾಕು. ಇಲ್ಲದಿದ್ರೆ ಮಿಕ್ಕಿದ್ದು ನೀನೇ ತಿನ್ಬೇಕು, ಹಳೆಯವನ ಹಂಗೆ!"

ಮಾಬ್ಲನ ಮುಖ ಕಪ್ಪಿಡುತ್ತದೆ. ಇಪ್ಪತ್ತು ವರ್ಷ ಕಾಪಾಡಿಕೊಂಡ ಹೆಸರು! ಸುಬ್ಬಿ ಬುಟ್ಟಿ ಹಿಡಿದು ನಿಂತೇ ಇದ್ದಾಳೆ. ಅವಳ ಅಂಗೈಯಲ್ಲಿ ಹಗ್ಗ ಉಜ್ಜಿ ಚರ್ಮ ಎದ್ದಿದೆ.

ಅವನು ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಗೀಚುತ್ತಾನೆ. ಆಮೇಲೆ ಎದ್ದು ರಾಶಿಯಿಂದ ಒಂದೇ ಒಂದು ಬಂಗಡೆ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿಯುತ್ತಾನೆ.

"ಒಂದು ತೆಗೆದ್ರೆ ಇದು ಭಾರೀ ಹಟಮಾರಿ ಸಂಖ್ಯೆ. ಎರಡಕ್ಕೂ ಇಲ್ಲ, ಹತ್ತಕ್ಕೂ ಇಲ್ಲ, ನಡುವಿನ ಯಾವ್ದಕ್ಕೂ ಸರಿ ಬತ್ತಿಲ್ಲ. ಹನ್ನೊಂದಕ್ಕೆ ಮಾತ್ರ ಬತ್ತದೆ! ತಂಡಕ್ಕೆ ಇನ್ನೂರ ಇಪ್ಪತ್ತೊಂಬತ್ತು. ಸುಬ್ಬೀ, ಬುಟ್ಟಿ ತಕಂಬಾ. ಮಿಕ್ಕಿದ್ದು ಇದೊಂದು. ಹೌದಾ ಈರ, ಇದನ್ನ ನಾನೇ ತಿಂತೆ. ಎಂತ ಈಗ?"

ಈರ ತನ್ನ ತಂಡದ ಬುಟ್ಟಿ ತರಲು ಹೋಗುತ್ತಾನೆ. ಸುಬ್ಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಎಣಿಸಿ ತುಂಬಿಕೊಳ್ಳುತ್ತಾಳೆ.

ಬಿಸಿಲೇರಿದ ಮೇಲೆ ಮಾಬ್ಲ ಆ ಮೀನನ್ನು ಬಾಳೆನಾರಿಗೆ ಪೋಣಿಸಿ ಮನೆ ಕಡೆ ಹೊರಡುತ್ತಾನೆ. ಇನ್ನೇನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ನಗುತ್ತಾನೆ.

"ಅಘನಾಶಿನಿ ಊರಿನ ಮಾಸ್ತಮ್ಮನೂ ಒಂಟಿ ಹೆಂಗ್ಸು. ತಂಡ ಕಟ್ಲಾ ಅಂತ ಕೇಳ್ತಾ ಇದ್ಲು. ಅವಳು ಬಂದ್ರೆ ಹನ್ನೆರಡು. ಹನ್ನೆರಡಕ್ಕೆ ಪೂರ್ತಿ ರಾಶಿ ಸರಿಯಾಗಿ ಬತ್ತದೆ, ತಂಡಕ್ಕೆ ಇನ್ನೂರ ಹತ್ತು. ಅವಳು ಬರ್ಲಿ. ನಂಗೆ ಈ ಒಂದೂ ಮಿಕ್ಕೂದು ಬೇಡ."