ಬಹೀಜಾಳ ಹೊಲಿಗೆ

ಬಸ್ರಾದ ಧಾನ್ಯದ ಮಂಡಿಯಲ್ಲಿ ಗೋಣಿಚೀಲಕ್ಕೆ ಗೂನಿಯ್ಯ ಎನ್ನುತ್ತಾರೆ. ಅಲೆಪ್ಪೊದಿಂದ ಆ ಮಂಡಿಯವರ ಮನೆಗೆ ಸೊಸೆಯಾಗಿ ಬಂದ ಬಹೀಜಾಳಿಗೆ ಮಾತ್ರ ಅದು ತವರಿನ ಶ್ವಾಲ್. “ಈ ಮನೇಲಿ ಅದು ಗೂನಿಯ್ಯ ಕಣೇ. ಶ್ವಾಲ್‌ನ ನಿಮ್ಮಮ್ಮನ ಮನೇಲಿ ಇಟ್ಕೋ” ಎಂದು ಅತ್ತೆ ಉಮ್ ಹಾತಿಫ್ ಮೊದಲ ದಿನವೇ ಮೂಗು ಮುರಿದಿದ್ದಳು. ಹಮಾಲಿಗಳು ಅವಳನ್ನು ಶ್ವಾಲಕ್ಕ ಎಂದೇ ಕರೆದರು. ಆದರೆ ಅವಳ ಹೊಲಿಗೆಯನ್ನು ಯಾರೂ ಆಡಿಕೊಳ್ಳಲಿಲ್ಲ. ದಬ್ಬಣ ಹಿಡಿದಳೆಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೂಟೆಯ ಬಾಯಿ ಮುಚ್ಚಿರುತ್ತಿತ್ತು. ನಾಲಿಗೆ ಅಲೆಪ್ಪೊ ಬಿಡಲಿಲ್ಲ, ಕೈ ಮಾತ್ರ ಬಸ್ರಾದ್ದಾಯಿತು.

ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳಿಗೆ ಉಸಿರು ಕಟ್ಟತೊಡಗಿತು. ಹಗಲೆಲ್ಲ ಹೊಲಿಗೆ, ಸಂಜೆಯಾದರೆ ಅತ್ತೆಯ ಕಾವಲು. ಕರೆದೊಯ್ಯಲು ಅಣ್ಣ ಅನೀಸ್ ಬಂದಾಗ ಅತ್ತೆ ಖರ್ಜೂರದ ತಟ್ಟೆ ಮುಂದಿಟ್ಟು ಸಮಾಧಾನದಿಂದಲೇ ಹೇಳಿದಳು: “ತಂಗೀನ ಕರ್ಕೊಂಡು ಹೋಗಪ್ಪ, ಬೇಡ ಅನ್ನಲ್ಲ. ನವಾಲ್ ನಮ್ಮ ರಕ್ತ, ಅವಳು ಇಲ್ಲೇ ಇರ್ತಾಳೆ.”

ನವಾಲ್ ಬಹೀಜಾಳ ಆರು ವರ್ಷದ ಮಗಳು. ಅವಳನ್ನು ಬಿಟ್ಟು ಹೋಗುವುದಾದರೆ ತವರಾದರೂ ಯಾಕೆ ಬೇಕು?

ಅಣ್ಣ ತಂಗಿ ಗುಟ್ಟಾಗಿ ಉಪಾಯ ಹೂಡಿದರು. ಖಾಲಿ ಚೀಲಗಳ ಕತ್ತೆಗಾಡಿ ಮಂಡಿಯಿಂದ ರೈಲು ನಿಲ್ದಾಣಕ್ಕೆ ಹೋಗುತ್ತದೆ. ಬಾಗಿಲಲ್ಲಿ ಕೂರುವ ಭಾವ ಹಾತಿಫ್ ಬಾಯಿ ಹೊಲಿದ ಮೂಟೆಗಳಿಗಷ್ಟೇ ಚೂಪು ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಾನೆ. ಬಾಯಿ ತೆರೆದ ಖಾಲಿ ಚೀಲಗಳತ್ತ ಅವನು ತಿರುಗಿಯೂ ನೋಡುವುದಿಲ್ಲ. ಮಗುವನ್ನು ಅಂಥದೊಂದು ಚೀಲದಲ್ಲಿ ಕೂರಿಸಿ, ಸುತ್ತ ಉಳಿದವನ್ನು ಹರಡಿದರಾಯಿತು.

ನವಾಲ್ ಇದೆಲ್ಲ ಆಟವೆಂದುಕೊಂಡು ನಗುತ್ತಲೇ ಒಳಗೆ ಕೂತಳು. ಯಾರಾದರೂ ಬಂದಾರೆಂದು ಬಹೀಜಾ ಓಣಿಯನ್ನೇ ನೋಡುತ್ತಿದ್ದಳು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಊರಿಗೆ ಹೊರಟ ಅಣ್ಣ ತಂಗಿ ಗಾಡಿಯ ಜೊತೆಗೇ ನಡೆದರು. ಬಾಗಿಲಲ್ಲಿ ಹಾತಿಫ್ ಅದನ್ನು ನಿಲ್ಲಿಸಿದ. ಖಾಲಿ ಚೀಲಗಳ ನಡುವೆ ಒಂದರ ಬಾಯಿ ಅಚ್ಚುಕಟ್ಟಾಗಿ ಹೊಲಿದಿತ್ತು. ತಾನೇ ಹೊಲಿದದ್ದು ಬಹೀಜಾಳಿಗೆ ಕಂಡದ್ದೂ ಆಗಲೇ. ಹಾಳು ಕೈ, ತೆರೆದ ಬಾಯಿ ಕಂಡರೆ ಸುಮ್ಮನಿರದು! ಯಾರೋ ಗೋಧಿ ಕದ್ದು ಸಾಗಿಸುತ್ತಿದ್ದಾರೆಂದು ಹಾತಿಫ್ ಕೊಳವೆ ಎತ್ತಿದ.

ಬಹೀಜಾ ಚೀಲದ ಮೇಲೆ ಬಿದ್ದಳು. “ಚುಚ್ಚಬೇಡಿ ಭಾವ. ಒಳಗೆ ನವಾಲ್ ಇದ್ದಾಳೆ.”

ಹಾತಿಫನ ಮುಖ ಬಿಳುಚಿತು. ಅವನು ಕೊಳವೆ ಕೆಳಗಿಟ್ಟ. ಬಿಚ್ಚು ಎಂದಷ್ಟೇ ಹೇಳಿದ. ಅವಳು ದಾರದ ತುದಿ ಹುಡುಕಿ ಎಳೆದಳು, ಹೊಲಿಗೆ ಸರಸರನೆ ಬಿಟ್ಟುಕೊಂಡಿತು. ತಲೆತುಂಬ ನಾರು ಅಂಟಿಸಿಕೊಂಡು, ಬೆವರಿಳಿಯುತ್ತಿದ್ದ ನವಾಲ್ ಎದ್ದು ನಿಂತು ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

“ಬಂತಾ ಅಮ್ಮ, ಮಾಮನ ಊರು?”

ಹಾತಿಫ್ ಮಗುವನ್ನು ಎತ್ತಿಕೊಂಡು ಮನೆಯತ್ತ ನಡೆದ. ಬಹೀಜಾ ಅಣ್ಣನ ಕಡೆ ನೋಡದೆ ಅವರ ಹಿಂದೆ ಹೋದಳು.