ಕಾಕಾ ಕೊಡದ ಫೋಟೋ

ಗೌರಮ್ಮ, ನಿನ್ನ ತಾಯಿಯ ಆ ಫೋಟೋವನ್ನು ನನ್ನ ಪುಸ್ತಕಕ್ಕೆ ಕೊಟ್ಟವರು ನಿನ್ನ ಹುಸೇನಪ್ಪ ಕಾಕಾ ಅಲ್ಲ. ಅವರ ಸ್ಟುಡಿಯೋದಿಂದ, ಅವರಿಗೆ ತಿಳಿಯದಂತೆ, ಅದನ್ನು ಕದ್ದು ತಂದವನು ನಾನು. ಅವರೇ ಕೊಟ್ಟರೆಂದು ನಿನಗೆ ಸುಳ್ಳು ಹೇಳಿದವನೂ ನಾನೇ.

ಹೈಸ್ಕೂಲಿಗೇ ಓದು ನಿಂತವನು ನಾನು. ಹೊಸಪೇಟೆಯ ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಬೇರೆಯವರ ಪುಸ್ತಕಗಳಿಗೆ ಅಚ್ಚುಮೊಳೆ ಜೋಡಿಸಿದೆ. ಒಂದರ ಮೇಲಾದರೂ ನನ್ನ ಹೆಸರು ಬರಲಿ ಎಂಬ ಆಸೆ — ಆಸೆಯೆಂದರೆ ಸಣ್ಣ ಮಾತಾಯಿತು, ಹಸಿವು. ಹುಸೇನಪ್ಪನವರು ತೆಗೆದ ಹಳೆಯ ಚಿತ್ರಗಳನ್ನು ಕೂಡಿಸಿ ನಮ್ಮ ಸೀಮೆಯ ಚರಿತ್ರೆ ಬರೆಯುತ್ತೇನೆ ಎಂದಾಗ, ಅವರು ಬೀರುವಿನ ಕೀಲಿಯನ್ನೇ ನನ್ನ ಕೈಗಿಟ್ಟರು. ಹಂಪಿಯ ಕಲ್ಲುಮಂಟಪಗಳಲ್ಲಿ ಒಲೆ ಹೂಡಿದವರು, ಸಂಡೂರಿನ ಗುಡ್ಡದಿಂದ ಅದಿರಿನ ಧೂಳು ಮೆತ್ತಿಕೊಂಡು ಇಳಿಯುವ ಹೆಂಗಸರು, ಕಂಪ್ಲಿಯ ಹೊಳೆಯಲ್ಲಿ ಹರಿಗೋಲು — ಎಲ್ಲ ಕೊಟ್ಟರು. ಒಂದು ತಗಡಿನ ಪೆಟ್ಟಿಗೆಯನ್ನು ಮಾತ್ರ ಕಾಲಿನಿಂದ ಮೇಜಿನಡಿಗೆ ಸರಿಸಿದರು.

"ಇದರಾಗ ಮಣ್ಣಿಗೆ ಹೋಗೋರ ಫೋಟೋ ಅದಾವ. ಮನಿ ಮಂದಿ ನನ್ನ ನಂಬಿ ತಗಿಸಿದ್ದು. ಮುಟ್ಟಬ್ಯಾಡಲೇ ತಮ್ಮಾ."

ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಹೂಳುವ ಮುಂಚೆ ಒಂದು ಫೋಟೋ ತೆಗೆಸುವುದು ನಿಮ್ಮಂಥ ಮನೆಗಳಲ್ಲಿ ಇದ್ದದ್ದೇ. ಅವರು ಚಹಾಕ್ಕೆ ಹೋದಾಗ ನಾನು ಪೆಟ್ಟಿಗೆ ತೆರೆದೆ. ಅದರಲ್ಲಿ ನಿನ್ನ ತಾಯಿ ಇದ್ದಳು.

ಗುರುತು ಹಿಡಿಯದೆ ಏನು? ಅದೇ ಸೀರೆ, ಅದೇ ಕುರ್ಚಿ. ಹಿಂದಿನ ವಾರವಷ್ಟೇ ಕಂಪ್ಲಿಯಲ್ಲಿ ನೀನು ದೇವರ ಗೂಡಿನಿಂದ ಇಳಿಸಿ ನನ್ನ ಕೈಗೆ ಕೊಟ್ಟಿದ್ದ ಫೋಟೋ. "ನಮ್ಮವ್ವ ಪುಸ್ತಕದಾಗ ಬರ್ತಾಳಂದ್ರ ಭಾಳ ಚೊಲೋ ಆತು ನೋಡಣ್ಣಾ" ಎಂದು ನೀನು ಮಜ್ಜಿಗೆ ಕೊಟ್ಟಿದ್ದೆ. ನಿನ್ನ ಫೋಟೋದಲ್ಲಿ ಅವಳ ಕಣ್ಣು ತೆರೆದಿದ್ದವು. ಇದರಲ್ಲಿ ಮುಚ್ಚಿದ್ದವು.

ಆಗ ತಿಳಿಯಿತು — ನಿನ್ನನ್ನು ಹೆತ್ತು ಸತ್ತವಳಿಗೆ ಬೇರೆ ಫೋಟೋ ಇರಲಿಲ್ಲ. ತಾಯಿಯ ಮುಖವೇ ಕಾಣದೆ ಬೆಳೆಯುವ ಕೂಸಿಗಾಗಿ ಹುಸೇನಪ್ಪನವರು ಸಣ್ಣ ಕುಂಚ ಹಿಡಿದು ಇನ್ನೊಂದು ಪ್ರತಿಯ ಮೇಲೆ ತೆರೆದ ಕಣ್ಣು ಬರೆದಿದ್ದರು. ನೀನು ಕೇಳಿದಾಗಲೆಲ್ಲ "ನಿಮ್ಮವ್ವನಂಗ ಅಲಗಾಡದ ಕುಂತೋರನ್ನ ನಾ ನೋಡಿಲ್ಲವ್ವ" ಎನ್ನುತ್ತಿದ್ದರಂತೆ. ನೀನೇ ನಗುತ್ತ ಹೇಳಿದ್ದೆ.

ನಾನು ಎರಡನ್ನೂ ಒಂದೇ ಪುಟದಲ್ಲಿ ಹಾಕಿದೆ, ಅಕ್ಕಪಕ್ಕ. ಕೆಳಗೆ ಕುಂಚದ ಕೈಚಳಕವನ್ನು ಹೊಗಳಿ ಎರಡು ಸಾಲು. ಅದೇ ಪುಸ್ತಕದ ಒಳ್ಳೆಯ ಪುಟ ಎಂದುಕೊಂಡಿದ್ದೆ. ನಿನ್ನ ನೆನಪು ಬರಲಿಲ್ಲವೇ ಎಂದರೆ — ಬಂದಿತ್ತು.

ಪುಸ್ತಕ ಬಿಡುಗಡೆಯ ದಿನ ನೀನು ಮಗಳು ಮೊಮ್ಮಕ್ಕಳೊಡನೆ ಬಂದೆ. ಪುಟ ತೆರೆದೆ.

"ಅಣ್ಣಾ, ನಮ್ಮವ್ವನ ಕಣ್ಣ್ಯಾಕ ಮುಚ್ಚ್ಯಾವ? ಯಾರು ಕೊಟ್ಟ್ರು ಇದನ್ನ?"

"ಹುಸೇನಪ್ಪನವರೇ ಕೊಟ್ಟ್ರವ್ವ. ಹಾಕು ಅಂದ್ರು."

ಅಷ್ಟೇ. ಯೋಚಿಸುವಷ್ಟು ಹೊತ್ತೂ ಆಗಲಿಲ್ಲ, ಸುಳ್ಳು ತಾನಾಗಿ ಬಂತು. ನೀನು ನೇರ ಮುಂದಿನ ಸಾಲಿಗೆ ಹೋಗಿ ಅವರೆದುರು ನಿಂತೆ. "ಇಷ್ಟು ವರ್ಷ ಹೆಣದ ಮುಂದ ದೀಪ ಹಚ್ಚಿಸಿದಿ. ಈಗ ಊರ ಮಂದಿಗೆ ತೋರಿಸಿ ಚಪ್ಪಾಳಿ ಹೊಡಿಸಿಕೊಂಡಿ. ನೀ ನನ್ನ ಪಾಲಿಗೆ ಸತ್ತಿ ಕಾಕಾ."

ಅವರು ನಿನ್ನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಆಮೇಲೆ ಸ್ಟುಡಿಯೋದಲ್ಲಿ ನಾನು ಅವರನ್ನು ಕೇಳಿದೆ — ಯಾಕೆ ಸುಮ್ಮನಿದ್ದಿರಿ ಎಂದು. ಕೇಳುವ ಮುಖವಾದರೂ ನನಗೆ ಎಲ್ಲಿಂದ ಬಂತೋ! "ಕಣ್ಣು ಬರದಾವ ನಾನೇ ಅಲ್ಲೇನಲೇ? ಆಕಿ ಕೇಳಿದ್ರ ಅದನ್ನ ಹೆಂಗ ಇಲ್ಲ ಅನ್ಲಿ? ಹೋಗು, ನಿನ್ನ ಹೆಸರಿನ ಪುಸ್ತಕ ಹೊತಗೊಂಡು ಹೋಗು" ಎಂದರು. ಮತ್ತೆ ನನ್ನೊಡನೆ ಮಾತಾಡಲಿಲ್ಲ.

ಅವರು ಹಾಸಿಗೆ ಹಿಡಿದಾಗ ನಾನು ನಿನಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಬಾಗಿಲ ಸಪ್ಪಳವಾದರೆ "ಗೌರಿ ಬಂದ್ಲೇನು?" ಎನ್ನುತ್ತಿದ್ದರೆಂದು ಅವರ ಮಗ ಹೇಳಿದ. ಅವರು ತೀರಿಕೊಂಡಾಗ ಮಣ್ಣಿಗೂ ನೀನು ಬರಲಿಲ್ಲ. ಅಲ್ಲಿ ಜನ ನಿನ್ನನ್ನು ಕಲ್ಲುಮನಸ್ಸಿನವಳೆಂದರು. ನಾನು ಅವರ ನಡುವೆಯೇ ನಿಂತಿದ್ದೆ.

ಭಾನುವಾರ ಕಂಪ್ಲಿಗೆ ಬರುತ್ತೇನೆ. ಒಳಗೆ ಕರೆಯಬೇಡ, ನೀರೂ ಕೊಡಬೇಡ. ನಿನ್ನ ಮಗಳು, ಮೊಮ್ಮಕ್ಕಳು, ಓಣಿಯವರು ಕೇಳುವಂತೆ ಅಂಗಳದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಅಂದು ನೀನು ಆಡಿದ ಮಾತುಗಳು ಬೇರೆಯವರ ಪಾಲಾದವು. ಅವನ್ನು ಇನ್ನೊಮ್ಮೆ ಆಡು ತಂಗಿ — ಈ ಸಲ ನನಗೆ.