ಆಯಿಯ ಕಣ್ಣಿಗೆ ನಾನಿಟ್ಟ ಪರೀಕ್ಷೆ

ಇಂಡಿ ಪಟ್ಟಣದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ನಾನು ಸುಳ್ಳು ಹಿಡಿಯುವ ಕೆಲಸ ಮಾಡುತ್ತೇನೆ. ಪೊಲೀಸ್ ಇಲಾಖೆಯಲ್ಲಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಅನ್ನಿಸಿಕೊಂಡ ಕರ್ನಲ್ಲನ್ನು ಪರೀಕ್ಷಿಸುತ್ತೇನೆ. ನಿಜವಾದ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರು, ಅದರ ಹೊಟ್ಟೆಯೊಳಗೆ ಮತ್ತೊಂದು. ಎಲ್ಲಕ್ಕಿಂತ ಒಳಗಿನದು ಎದ್ದ ಕೂಡಲೇ, ಈ ಪ್ರೊಸೆಸರಿಗೆ ಏನೇನು ಬರುತ್ತದೆ ಎಂದು ಕೇಳುತ್ತದೆ. ಉತ್ತರ ಹೇಳುವುದು ನಡುವಿನದು. ಅದು ಬಾರದ ಕೆಲಸವನ್ನು ಬರುತ್ತದೆ ಎಂದು ಹೇಳಿಬಿಟ್ಟರೆ ಒಳಗಿನದು ನಂಬಿ, ಮಾಡಲು ಹೋಗಿ, ಮಕಾಡೆ ಬೀಳುತ್ತದೆ. ಆ ಸುಳ್ಳನ್ನು ಮೊದಲೇ ಪತ್ತೆ ಹಚ್ಚಲಿ ಎಂದು ನನ್ನನ್ನು ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ಆಯಿಗೆ, ಅಂದರೆ ನಮ್ಮಪ್ಪನ ತಾಯಿಗೆ, ಒಮ್ಮೆ ಬಿಡಿಸಿ ಹೇಳಿದ್ದೆ. "ಇದಕ್ಕೂ ಪಗಾರ ಕೊಡ್ತಾರೇನವಾ?" ಅಂದಿದ್ದಳು.

ಆಯಿ ಬಡಿದ ರೊಟ್ಟಿ ಆಗಾಗ ಒಂದು ಮಗ್ಗುಲು ಸೀಯತೊಡಗಿದಾಗ ಅವ್ವ ಬಾಯಿಬಿಟ್ಟಳು. "ಅತ್ತಿ, ನಿಮ್ಮ ಕಣ್ಣ ಮಂದ ಆಗ್ಯಾವ. ಇನ್ನ ಹಂಚಿನ ಮುಂದ ಕೂಡಬ್ಯಾಡ್ರಿ." ಆಯಿಗೆ ಹಂಚು ಬಿಡುವುದೂ ಮನೆ ಬಿಡುವುದೂ ಒಂದೇ. "ನನ್ನ ಕಣ್ಣ ಆರಾಮ ಅದಾವ," ಎಂದು ಗುಡುಗಿದಳು. ಇಬ್ಬರ ನಡುವೆ ಪಂಚಾಯಿತಿಗೆ ನಾನು ನಿಂತೆ. ಪರೀಕ್ಷೆ ಮಾಡುವುದು ನನ್ನ ಕಸುಬಲ್ಲವೇ?

ಸಿಂದಗಿಯ ಕಣ್ಣಿನ ಡಾಕ್ಟರ ಹತ್ತಿರ ಭಾರಿ ಗದ್ದಲ. ನಾವು ಕೂತ ಬೆಂಚಿನ ಎದುರೇ ಅಕ್ಷರದ ಬೋರ್ಡು. ನರ್ಸು ಕರೆದಂತೆ ಒಬ್ಬೊಬ್ಬರೇ ನಿಂತು ಜೋರಾಗಿ ಓದುತ್ತಿದ್ದರು. ಸರದಿ ಬಂದಾಗ ಆಯಿ ಒಂದೊಂದೇ ಕಣ್ಣು ಮುಚ್ಚಿಕೊಂಡು, ಕನ್ನಡಕ ಹಾಕುವ ನನಗಿಂತ ಚುರುಕಾಗಿ, ಒಂದಕ್ಷರ ತಪ್ಪದೆ ಒಪ್ಪಿಸಿದಳು. ಡಾಕ್ಟರು ಒಳಗೆ ಬೇರೆಯವರನ್ನು ನೋಡುತ್ತಿದ್ದರು. ಇಷ್ಟು ಚೆನ್ನಾಗಿ ಕಣ್ಣು ಕಾಣುವವಳನ್ನು ಕೂರಿಸಿಕೊಂಡು ಬಸ್ಸು ಯಾಕೆ ತಪ್ಪಿಸಿಕೊಳ್ಳಬೇಕು ಎಂದು ಡಾಕ್ಟರಿಗೆ ತೋರಿಸದೆಯೇ ನಾನೇ ಎಬ್ಬಿಸಿಕೊಂಡು ಬಂದೆ. ಮುದ್ದೇಬಿಹಾಳದ ಅತ್ತೆಗೂ ಬಾಗೇವಾಡಿಯ ಅತ್ತೆಗೂ ಫೋನ್ ಮಾಡಿ ಫಲಿತಾಂಶ ಸಾರಿದೆ. ಅವ್ವ ಬಾಯಿ ಮುಚ್ಚಿಕೊಂಡಳು.

ಅದೇ ವಾರ ಆಫೀಸಿನವರ ಮುಂದೆ ನನ್ನ ಮಾನ ಹೋಯಿತು. ನಾನು ಪಾಸ್ ಮಾಡಿದ್ದ ಒಳಗಿನ ಕಂಪ್ಯೂಟರು ಕೆಲಸಕ್ಕೆ ಹಚ್ಚಿದ ಕೂಡಲೇ ಬಿತ್ತು. ನಡುವಿನದು ತನಗೆ ಬಾರದಿದ್ದರೂ ಹೊರಗಿನದು ಹೇಳಿದ್ದನ್ನು ಇದ್ದ ಹಾಗೇ ಒಪ್ಪಿಸಿತ್ತು, ನಾನು ನಂಬಿ ಟಿಕ್ ಹಾಕಿದ್ದೆ. "ಬರುತ್ತದೆಯೇ ಎಂದು ಕೇಳಿದ್ದೀಯ. ಮಾಡಿಸಿ ನೋಡಿಲ್ಲ," ಎಂದು ಹಿರಿಯ ಸಹೋದ್ಯೋಗಿ ವಿಡಿಯೊ ಕಾಲಿನಲ್ಲಿ ಎಲ್ಲರೆದುರು ಹೇಳಿದರು.

ಮುಖ ಊದಿಸಿಕೊಂಡು ಚಹಾಕ್ಕೆ ಕೆಳಗಿಳಿದೆ. ಆಯಿ ಚಹಾ ಸೋಸುತ್ತಿದ್ದಳು, ಒಂದು ಬೆರಳನ್ನು ಕಪ್ಪಿನ ಅಂಚಿನೊಳಗೆ ಇಟ್ಟುಕೊಂಡು. ಅದು ಹೊಲಸು ರೂಢಿ ಎಂದು ಎಷ್ಟೋ ಸಲ ಬೈದಿದ್ದೆ. ಚಹಾ ಬೆರಳಿಗೆ ತಾಗಿದ ಮೇಲೆಯೇ ಸುರಿಯುವುದು ನಿಲ್ಲುತ್ತಿತ್ತು. ಮಾಡಿಸಿಯೇ ನೋಡೋಣ ಎಂದು, ಅವಳ ಎಡಕ್ಕಿದ್ದ ಇನ್ನೊಂದು ಖಾಲಿ ಕಪ್ಪನ್ನು ಸದ್ದಿಲ್ಲದೆ ಸರಿಸಿದೆ. ಆಯಿಯ ಬೆರಳು ಬರಿಯ ಕಟ್ಟೆಯ ಮೇಲೆ ತಡಕಾಡಿತು.

"ಆಯಿ, ಸಿಂದಗ್ಯಾಗ ಬೋರ್ಡ ಹೆಂಗ ಓದಿದಿ?"

"ಅಷ್ಟ ಮಂದಿ ಒದರಾಕತ್ತಿದ್ರಲ್ಲವಾ, ಬಾಯಿಪಾಠ ಆತು." ಆಮೇಲೆ ದನಿ ತಗ್ಗಿಸಿದಳು. "ನಿಮ್ಮವ್ವಗ ಹೇಳಬ್ಯಾಡ. ಹಂಚ ಕಸಗೋತಾಳ."

ಸಿಟ್ಟು ಬಂತು, ಅಳುವೂ ಬಂತು. ಸುಳ್ಳು ಹಿಡಿಯುವವಳ ಮನೆಯಲ್ಲೇ ಇಷ್ಟು ದೊಡ್ಡ ಸುಳ್ಳು ದಿನವೂ ನನಗೆ ಚಹಾ ಕೊಡುತ್ತಿತ್ತು. ಕಣ್ಣು ಸರಿಯಾದರೆ ಹಂಚು ಅವಳದೇ, ಅವ್ವನನ್ನು ಒಪ್ಪಿಸುವುದು ನನ್ನ ಪಾಲು ಎಂದು ಮಾತು ಕೊಟ್ಟ ಮೇಲೆ ಆಯಿ ಮತ್ತೆ ಸಿಂದಗಿಗೆ ಹೊರಟಳು.

ಈ ಸಲ ಬೇರೆ ಯಾರೂ ಬಂದು ಓದುವ ಮೊದಲೇ ಹೋಗಿ ನಿಂತೆವು. ನರ್ಸು ಬಲಗಣ್ಣು ಮುಚ್ಚಿಸಿ, "ಮ್ಯಾಲಿನ ಸಾಲ ಓದ್ರಿ," ಅಂದರು. ಆಯಿ ಕತ್ತು ಅತ್ತಿತ್ತ ತಿರುಗಿಸಿದಳು.

"ಬೋರ್ಡ ಎಲ್ಲಿ ಹಚ್ಚೀರಿ?" ಅಂದಳು.

ಎಡಗಣ್ಣಿಗೆ ಪೊರೆ ಪೂರ್ತಿ ಕಟ್ಟಿದೆ, ಆಪರೇಷನ್ ಮಾಡಿ ತೆಗೆಯಬಹುದು, ಆದರೆ ಆಮೇಲೆ ಕೆಲವು ದಿನ ಹೊಗೆಯ ಹತ್ತಿರ ಹೋಗುವಂತಿಲ್ಲ ಎಂದು ಡಾಕ್ಟರು ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿಗೆ ಅದೊಂದೇ ಚಿಂತೆ.

"ಅಲ್ಲೀತನಕ ಹಂಚಿನ ಮುಂದ ಯಾರ ಕೂಡಾವ್ರು?"

"ನಾ ಕೂಡ್ತೇನಿ."

"ನಿನಗ ರೊಟ್ಟಿ ಬಡಿಯಾಕ ಬರ್ತೈತೇನು?"

"ಹೂಂ, ಬರ್ತೈತಿ," ಅಂದೆ. ಆಯಿಗೆ ನನ್ನ ಮುಖ ಕಾಣಲಿಲ್ಲ. ನಾನು ಕೂತದ್ದು ಅವಳ ಎಡಗಡೆ.